ಶುಂಠಿ ಪೆಪ್ಪರಮಿಂಟಿಗೆ ವಾಂತಿ ಗುಳಿಗೆ ಪುಡಿ ಹಾಕಬಹುದೇ?

ಪ್ರಶ್ನೆ: ಸರ್, ನಮ್ದು ಗಂಗಾವತಿ ಹತ್ರ ಒಂದು ಹಳ್ಳಿ. ನಾವು ಐದು ಮಂದಿ ಹೆಣ್ಮಕ್ಳು ಕೂಡಿ ಸಂಘದಾಗ ಸಾಲ ತಗೊಂಡು, ಹಸಿ ಅಲ್ಲ (ಹಸಿ ಶುಂಠಿ), ನಿಂಬಿಹಣ್ಣು, ಸಕ್ರಿ, ಬೆಲ್ಲ ಹಾಕಿ ಪೆಪ್ಪರಮಿಂಟ್ ಮಾಡ್ತೀವಿ. ಒಂದು ಕಿಲೋ ಸಕ್ರಿ-ಬೆಲ್ಲಕ್ಕ ನೂರು ಗ್ರಾಂ ಹಸಿ ಅಲ್ಲ ಹಾಕ್ತೀವಿ. ಬಸ್ಸಿನ್ಯಾಗ ವಾಂತಿ ಮಾಡ್ಕೊಳ್ಳೋರು ತಿಂದು ಚಲೋ ಆಗ್ತೈತಿ ಅಂತಾರ. ಇಪ್ಪತ್ತು ಮಂದಿಗೆ ಕೊಟ್ಟು ಕೇಳಿದ್ವಿ, ಹದಿನೈದು ಮಂದಿ ಆರಾಮ ಅನಿಸ್ತು ಅಂದ್ರು. ನಮ್ಮ ನಾದಿನಿ ಕೀಮೋ ತಗೊಂಡು ಬಂದಾಗೆಲ್ಲ ಇದನ್ನ ಚೀಪ್ತಾಳ. ಓಣ್ಯಾಗ ಒಬ್ಬಾಕಿ ಮೂರು ತಿಂಗಳ ಬಸುರಿ, ಅಕೀನೂ ಕೇಳ್ತಾಳ. ನಮ್ಮ ಅಕ್ಕನ ಮಗ ಬಿ.ಫಾರ್ಮಾ ಓದ್ಲಿಕ್ಕತ್ಯಾನ. ‘ಓಂಡನ್‌ಸೆಟ್ರಾನ್ ಗುಳಿಗಿ ಪುಡಿ ಮಾಡಿ ಪಾಕದಾಗ ಹಾಕಿದ್ರ ಖರೇ ಔಷಧ ಆಗ್ತೈತಿ, ರೇಟೂ ಜಾಸ್ತಿ ಸಿಗ್ತೈತಿ’ ಅಂತಾನ. ಹಾಕಬಹುದೇನ್ರಿ? ಔಷಧ ಅಂತ ಮಾರಬೇಕಂದ್ರ ಏನೇನು ಪರೀಕ್ಷೆ ಮಾಡಿಸ್ಬೇಕು? ಇನ್ನೊಂದು, ಬ್ಯಾಸಿಗ್ಯಾಗ ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಮುದ್ದಿ ಆಗ್ತಾವ. ಅದಕ್ಕೇನು ಮಾಡ್ಬೇಕು?

ಉತ್ತರ: ಅಕ್ಕಾರೆ, ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಹಾಕಬೇಡಿ. ಮಾರುವುದಕ್ಕಂತೂ ಬೇಡವೇ ಬೇಡ, ‘ಮನೆಯವರಿಗಷ್ಟೇ’ ಅಂತ ಒಂದು ಸಲ ಮಾಡಿ ನೋಡುವುದೂ ಬೇಡ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಮಾತು. ನಾನು ಬಳ್ಳಾರಿಯಲ್ಲಿ ಫಾರ್ಮಸಿ ಕಲಿಸುವವನು. ಅದಕ್ಕೂ ಮುಂಚೆ ಗಂಟಲು ನೋವಿನ ಲೊಜೆಂಜ್, ಅಂದರೆ ಚೀಪುವ ಗುಳಿಗೆ, ತಯಾರಿಸುವ ಕಾರ್ಖಾನೆಯಲ್ಲಿ ಪಾಕದ ವಿಭಾಗ ನೋಡಿಕೊಂಡವನು. ಹಾಗಾಗಿ ನಿಮ್ಮ ಒಲೆಯ ಮುಂದಿನ ಕಷ್ಟವೂ ಗೊತ್ತು, ನಿಮ್ಮ ಅಕ್ಕನ ಮಗನ ತಲೆಯಲ್ಲಿ ಓಡುತ್ತಿರುವ ಲೆಕ್ಕವೂ ಗೊತ್ತು. ಹುಡುಗನ ಆಸೆಯನ್ನು ನಾನು ತಪ್ಪು ಅನ್ನುವುದಿಲ್ಲ. ವಾಂತಿಯ ಔಷಧವನ್ನು ಚೀಪುವ ರೂಪದಲ್ಲಿ ಕೊಡುವುದು ಒಳ್ಳೆಯ ಯೋಚನೆಯೇ. ಗುಟುಕು ನೀರು ಕುಡಿದರೂ ಕಕ್ಕುವವರಿಗೆ ಗುಳಿಗೆ ನುಂಗಿಸುವ ಪಾಡು ಏನು ಅಂತ ಮನೆಯಲ್ಲಿ ರೋಗಿಯನ್ನು ನೋಡಿಕೊಂಡವರಿಗೆ ಗೊತ್ತಿರುತ್ತದೆ. ಅವನು ಎಡವಿರುವುದು ಔಷಧದ ಆಯ್ಕೆಯಲ್ಲಿ, ಅದನ್ನು ಹಾಕುವ ರೀತಿಯಲ್ಲಿ.

ಆಯ್ಕೆಯ ಮಾತು ಮೊದಲು. ನಿಮ್ಮ ಗಿರಾಕಿಗಳನ್ನೇ ನೋಡಿ: ಬಸ್ಸಿನವರು, ನಾದಿನಿ, ಓಣಿಯ ಬಸುರಿ ಹೆಣ್ಣುಮಗಳು. ಮೂವರಿಗೂ ಹೊಟ್ಟೆ ತೊಳಸುತ್ತದೆ, ಆದರೆ ಕಾರಣ ಮೂವರಿಗೂ ಬೇರೆ. ಸಂಡೂರಿನ ತಿರುವುಗಳಲ್ಲಿ ಬಸ್ಸು ವಾಲಾಡುವಾಗ ಒಳಕಿವಿಯಲ್ಲಿರುವ ಸಮತೋಲನದ ಅಂಗ ‘ಅಲುಗಾಡುತ್ತಿದ್ದೇವೆ’ ಅನ್ನುತ್ತದೆ. ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಇಲ್ಲ, ಕೂತಲ್ಲೇ ಇದ್ದೇವೆ’ ಅನ್ನುತ್ತದೆ. ಮಿದುಳಿಗೆ ಎರಡು ತದ್ವಿರುದ್ಧ ವರದಿ ಹೋಗಿ ವಾಕರಿಕೆ ಶುರುವಾಗುತ್ತದೆ. ಈ ದಾರಿಯಲ್ಲಿ ಮುಖ್ಯವಾಗಿ ಕೆಲಸ ಮಾಡುವ ರಾಸಾಯನಿಕಗಳು ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್. ಕೀಮೋದಲ್ಲಿ ಹಾಗಲ್ಲ. ಔಷಧದ ಹೊಡೆತಕ್ಕೆ ಕರುಳಿನ ಒಳಪದರದ ಕೆಲವು ಕೋಶಗಳು ಸೆರೊಟೋನಿನ್ ಸುರಿಸುತ್ತವೆ, ಅದು ನರದ ಮೂಲಕ ಮಿದುಳಿನ ಬುಡಕ್ಕೆ ಮುಟ್ಟುತ್ತದೆ. ಬಸುರಿಯರಲ್ಲಿ ಗರ್ಭದ ಹಾರ್ಮೋನುಗಳ ಏರಿಕೆ ಕಾರಣಗಳಲ್ಲೊಂದು.

ಓಂಡನ್‌ಸೆಟ್ರಾನ್ ತಡೆಯುವುದು ಸೆರೊಟೋನಿನ್ ದಾರಿಯನ್ನು. ಅದಕ್ಕೇ ಕೀಮೋ ರೋಗಿಗಳಿಗೆ, ಆಪರೇಷನ್ ಆದವರಿಗೆ ಅದು ವರವಾಯಿತು. ಬಸ್ಸಿನ ವಾಂತಿಗೆ ಹೇಳಿಕೊಳ್ಳುವಂಥ ಕೆಲಸ ಅದರಿಂದ ಆಗುವುದಿಲ್ಲ. ಅಂದರೆ ನಿಮ್ಮ ಬಹುಪಾಲು ಗಿರಾಕಿಗಳಿಗೆ, ನಿಮ್ಮ ಹುಡುಗ ಹೇಳಿದ ‘ಖರೇ ಔಷಧ’ ಉಪಯೋಗಕ್ಕೇ ಬಾರದು! ಬಸ್ಸಿಗೆ ಕೆಲಸ ಮಾಡುವುದು ಹಿಸ್ಟಮಿನ್ ತಡೆಯುವ ಗುಳಿಗೆಗಳು. ಅವೋಮಿನ್ ಹೆಸರಲ್ಲಿ ಎಲ್ಲರಿಗೂ ಗೊತ್ತಿರುವ ಪ್ರೊಮೆಥಜೈನ್, ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್, ಸಿನ್ನರಿಜಿನ್. ಇವೆಲ್ಲ ಹೆಚ್ಚುಕಡಿಮೆ ನಿದ್ದೆ ಬರಿಸುತ್ತವೆ. ಡ್ರೈವರ್‌ಗೆ ಕೊಡುವಂತಿಲ್ಲ. ಪ್ರೊಮೆಥಜೈನ್ ಅನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಟ್ಟರೆ ಉಸಿರಾಟಕ್ಕೇ ಕುತ್ತು ಬರಬಹುದು.

ಬಸುರಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೊದಲ ಮೂರು ತಿಂಗಳಲ್ಲಿ ಓಂಡನ್‌ಸೆಟ್ರಾನ್ ತಗೊಂಡರೆ ಮಗುವಿಗೆ ಸೀಳುತುಟಿ, ಸೀಳು ಅಂಗುಳದ ಅಪಾಯ ತುಸು ಹೆಚ್ಚುತ್ತದೆ ಎಂಬ ಕಾರಣಕ್ಕೆ 2019ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಆ ಅವಧಿಯಲ್ಲಿ ಬಳಸಬೇಡಿ ಎಂದರು. ಬೇರೆ ಔಷಧ ಕೆಲಸ ಮಾಡದಿದ್ದಾಗ ವೈದ್ಯರು ಲಾಭ-ನಷ್ಟ ತೂಗಿ ಕೊಡುವುದುಂಟು, ಅದು ಅವರ ನಿರ್ಧಾರ. ಶುಂಠಿ ಪೆಪ್ಪರಮಿಂಟು ಅಂತ ನಂಬಿ ತಿನ್ನುವ ಹೆಣ್ಣುಮಗಳಿಗೆ ಗೊತ್ತಿಲ್ಲದೇ ಅದು ಹೊಟ್ಟೆಗೆ ಹೋಗುವುದು ಬೇರೆಯೇ ಮಾತು.

ಇನ್ನು ಹಾಕುವ ರೀತಿ. 3 ಗ್ರಾಂ ತೂಕದ 100 ಪೆಪ್ಪರಮಿಂಟಿಗೆ ತಲಾ 4 ಮಿಲಿಗ್ರಾಂ ಬರಬೇಕು ಅಂದುಕೊಳ್ಳಿ. 300 ಗ್ರಾಂ ಪಾಕದಲ್ಲಿ ಬರೀ 400 ಮಿಲಿಗ್ರಾಂ ಔಷಧ ಸಮನಾಗಿ ಹರಡಬೇಕು, ಒಂದು ಚಿಟಿಕೆಯಷ್ಟು. ಪಾಕವೋ ಇಳಿಸಿದ ಕೂಡಲೇ ಗಟ್ಟಿಯಾಗಲು ಶುರುಮಾಡುತ್ತದೆ. ಸೌಟಿನಲ್ಲಿ ಕಲಸಿದರೆ ಒಂದು ಕಡೆ ಪುಡಿ ಗಂಟಾಗಿ, ಇನ್ನೊಂದು ಕಡೆ ಏನೂ ಇರುವುದಿಲ್ಲ. ಒಂದು ಪೆಪ್ಪರಮಿಂಟಿನಲ್ಲಿ ಶೂನ್ಯ, ಪಕ್ಕದ್ದರಲ್ಲಿ ಮೂರು ಗುಳಿಗೆಯಷ್ಟು! ನೋಡಿದರೆ ಎರಡೂ ಒಂದೇ ಥರ ಇರುತ್ತವೆ. ಮೇಲಾಗಿ ಅಂಗಡಿಯ ಗುಳಿಗೆಯಲ್ಲಿ ಔಷಧಕ್ಕಿಂತ ಪಿಷ್ಟ, ಸೆಲ್ಯುಲೋಸ್, ಮೆಗ್ನೀಸಿಯಂ ಸ್ಟಿಯರೇಟ್ ಇಂಥವೇ ಜಾಸ್ತಿ. ಅವು ಪಾಕಕ್ಕೆ ಬಿದ್ದರೆ ಸಕ್ಕರೆ ಹರಳುಗಟ್ಟಿ ಪುಡಿಪುಡಿಯಾಗುತ್ತದೆ. ಓಂಡನ್‌ಸೆಟ್ರಾನ್ ಕಹಿಯೂ ಹೌದು, ಕಹಿ ಮುಚ್ಚಲು ನೀವು ಇನ್ನಷ್ಟು ಸಕ್ಕರೆ, ಹುಳಿ ಹಾಕುತ್ತೀರಿ. ಆಗ ಅದು ಮಕ್ಕಳಿಗೆ ಮಿಠಾಯಿಯೇ. ಮಿಠಾಯಿಯನ್ನು ಯಾವ ಮಗುವೂ ಒಂದಕ್ಕೇ ಬಿಡುವುದಿಲ್ಲ. ಪ್ರಮಾಣ ಮೀರಿದರೆ ಈ ಔಷಧ ಹೃದಯ ಬಡಿತದ ಲಯ ಕೆಡಿಸಬಲ್ಲದು. ವಾಂತಿ-ಭೇದಿಯಿಂದ ಮೈಯೊಳಗಿನ ಪೊಟ್ಯಾಸಿಯಂ ಇಳಿದವರಲ್ಲಿ ಆ ಅಪಾಯ ಹೆಚ್ಚು.

‘ಚೀಪಿದರೆ ಔಷಧ ನೇರ ರಕ್ತಕ್ಕೆ ಹೋಗುತ್ತೆ, ಬೇಗ ಹತ್ತುತ್ತೆ’ ಅಂತಲೂ ಹುಡುಗ ಹೇಳಿರಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಪರೀಕ್ಷೆಯಲ್ಲಿ ಹೀಗೇ ಬರೆಯುತ್ತಾರೆ. ನಾಲಿಗೆಯಡಿ, ಕೆನ್ನೆಯ ಒಳಗೆ ಹೀರಿಕೊಳ್ಳುವ ಔಷಧಗಳು ಇವೆ, ನಿಜ. ಆದರೆ ಚೀಪುವಾಗ ಬಾಯಲ್ಲಿ ಜೊಲ್ಲು ತುಂಬಿ, ಕರಗಿದ್ದರಲ್ಲಿ ಬಹುಪಾಲು ಗಂಟಲಿಳಿದು ಹೊಟ್ಟೆಗೇ ಹೋಗುತ್ತದೆ. ಬಾಯಲ್ಲಿ ಕರಗುವ ಓಂಡನ್‌ಸೆಟ್ರಾನ್ ಗುಳಿಗೆ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೂ ಬಾಯಲ್ಲಿ ಕರಗುವುದಷ್ಟೇ, ಹೀರುವುದು ಕರುಳಲ್ಲೇ. ನಿಮ್ಮ ನಾದಿನಿಗೆ ಆ ಔಷಧ ಬೇಕಿದ್ದರೆ ಅಳೆದು ತೂಗಿ ಮಾಡಿದ್ದು 4 ಮತ್ತು 8 ಮಿಲಿಗ್ರಾಂನಲ್ಲಿ ಸಿದ್ಧವಾಗಿಯೇ ಇದೆ, ಡಾಕ್ಟರ ಚೀಟಿ ಬೇಕು ಅಷ್ಟೇ. ನಾವು ಹೊಸದಾಗಿ ಮಾಡಿ ಸಾಧಿಸುವುದೇನೂ ಇಲ್ಲ.

ಈಗ ಶುಂಠಿಯ ವಿಷಯ. ನಿಮ್ಮ ಪೆಪ್ಪರಮಿಂಟಿನ ಜೀವವೇ ಅದು. ಶುಂಠಿಗೆ ವಾಕರಿಕೆ ತಗ್ಗಿಸುವ ಗುಣ ಇದೆಯೇ ಅಂದರೆ, ಇದೆ, ಆದರೆ ನಾವು ಭಾವಿಸಿದಷ್ಟು ಜೋರಾಗಿಲ್ಲ, ಎಲ್ಲ ಕಡೆಯೂ ಒಂದೇ ಥರವೂ ಅಲ್ಲ. ಬಸುರಿಯರ ವಾಕರಿಕೆಯಲ್ಲಿ ಪುರಾವೆ ತಕ್ಕಮಟ್ಟಿಗೆ ಚೆನ್ನಾಗಿದೆ. ಆ ಅಧ್ಯಯನಗಳಲ್ಲಿ ಹೆಚ್ಚಾಗಿ ಕೊಟ್ಟದ್ದು ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿ ಪುಡಿ, ಮೂರು-ನಾಲ್ಕು ಪಾಲು ಮಾಡಿ. ಬಸ್ಸು-ಹಡಗಿನ ವಾಂತಿಗೆ ಪುರಾವೆ ಅತ್ತಲೂ ಇದೆ, ಇತ್ತಲೂ ಇದೆ. 1982ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 36 ವಿದ್ಯಾರ್ಥಿಗಳನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ನೋಡಿದಾಗ 940 ಮಿಲಿಗ್ರಾಂ ಶುಂಠಿ ಪುಡಿ ಡೈಮೆನ್‌ಹೈಡ್ರಿನೇಟ್‌ಗಿಂತಲೂ ಚೆನ್ನಾಗಿ ತಡೆಯಿತು ಅಂತ ಬಂತು. ಶುಂಠಿ ಮಿಠಾಯಿ ಮಾರುವವರೆಲ್ಲ ಇವತ್ತಿಗೂ ಅದನ್ನೇ ಹೇಳಿಕೊಳ್ಳುತ್ತಾರೆ. ಆದರೆ 1991ರಲ್ಲಿ ಇಂಥದೇ ತಿರುಗುವ ಕುರ್ಚಿಯ ಪರೀಕ್ಷೆ ನಡೆಸಿದ ಇನ್ನೊಂದು ತಂಡಕ್ಕೆ ಶುಂಠಿಯಿಂದ ಯಾವ ರಕ್ಷಣೆಯೂ ಕಾಣಲಿಲ್ಲ. ಕೀಮೋದಲ್ಲೂ ಫಲಿತಾಂಶ ಹೀಗೇ ಬೆರಕೆ. ಅಲ್ಲಿ ಶುಂಠಿ ಹೆಚ್ಚೆಂದರೆ ಡಾಕ್ಟರ ಔಷಧದ ಜೊತೆಗೆ ಇರಬಹುದು, ಬದಲಿಗಲ್ಲ.

ನಿಮ್ಮ ಪೆಪ್ಪರಮಿಂಟಿನಲ್ಲಿ ಎಷ್ಟು ಶುಂಠಿ ಇದೆ ಅಂತ ಲೆಕ್ಕ ಹಾಕೋಣ. ಹಸಿ ಅಲ್ಲದಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. 100 ಗ್ರಾಂ ಹಸಿ ಅಲ್ಲ ಅಂದರೆ 20 ಗ್ರಾಂ ಒಣಶುಂಠಿ. ಅದು ಕಿಲೋ ಸಕ್ಕರೆ-ಬೆಲ್ಲಕ್ಕೆ ಸೇರಿದರೆ ಸುಮಾರು ಶೇ 2. 3 ಗ್ರಾಂನ ಒಂದು ಪೆಪ್ಪರಮಿಂಟಿಗೆ ಬರುವುದು 60 ಮಿಲಿಗ್ರಾಂ. ರಸ ಮಾತ್ರ ಹಿಂಡಿ ಹಾಕಿ ಚರಟ ಎಸೆಯುತ್ತಿದ್ದರೆ ಅದಕ್ಕಿಂತಲೂ ಕಡಿಮೆ. ಆ 1 ಗ್ರಾಂ ಮುಟ್ಟಬೇಕಾದರೆ ದಿನಕ್ಕೆ 16–17 ಪೆಪ್ಪರಮಿಂಟು ತಿನ್ನಬೇಕು, ಅಂದರೆ 50 ಗ್ರಾಂ ಸಕ್ಕರೆ. ದೊಡ್ಡವರು ಇಡೀ ದಿನಕ್ಕೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸಕ್ಕರೆಯ ಮಿತಿಯೂ ಹೆಚ್ಚುಕಡಿಮೆ ಇಷ್ಟೇ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಆಗುವ ಮಾತಲ್ಲ.

ಹಾಗಾದರೆ ಹದಿನೈದು ಮಂದಿಗೆ ಆರಾಮ ಆಗಿದ್ದು ಸುಳ್ಳೇ? ಸುಳ್ಳಲ್ಲ, ಅವರಿಗೆ ಆರಾಮ ಆಗಿದೆ. ನಿಮ್ಮ ಪೆಪ್ಪರಮಿಂಟಿನಿಂದಲೇ ಆಯಿತೇ ಅನ್ನುವುದು ಗೊತ್ತಾಗಿಲ್ಲ, ಅಷ್ಟೇ. ಗಂಗಾವತಿ–ಕೊಪ್ಪಳ ರಸ್ತೆಯಲ್ಲಿ ಅರ್ಧ ದಾರಿ ಆದಮೇಲೆ ಕೆಲವರಿಗೆ ತಾನೇ ಸರಿಹೋಗುತ್ತದೆ. ಏನಾದರೂ ಚೀಪುತ್ತಿದ್ದರೆ ಗಮನ ಬಾಯಿಯ ಕಡೆ ಹೋಗುತ್ತದೆ, ಹುಳಿಗೆ ಬಾಯಿ ಹಸನಾಗುತ್ತದೆ. ಇನ್ನು ನೀವೇ ಪ್ರೀತಿಯಿಂದ ಕೊಟ್ಟು ನೀವೇ ‘ಹೆಂಗಾತು?’ ಅಂದರೆ ‘ಏನೂ ಆಗಲಿಲ್ಲ’ ಅನ್ನಲು ನಮ್ಮ ಕಡೆ ಯಾರಿಗೆ ನಾಲಿಗೆ ಏಳುತ್ತದೆ ಹೇಳಿ. ತೆಲಂಗಾಣ, ಆಂಧ್ರದ ಬಸ್ಸುಗಳಲ್ಲಿ ಅಲ್ಲಂ ಮುರಬ್ಬ, ಅಂದರೆ ಶುಂಠಿ ಮಿಠಾಯಿ, ಮಾರುವವರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ.

ಸರಿಯಾಗಿ ಪರೀಕ್ಷಿಸಬೇಕಾದರೆ ಎರಡು ಥರದ ಪೆಪ್ಪರಮಿಂಟು ಬೇಕು: ಒಂದರಲ್ಲಿ ಶುಂಠಿ, ಇನ್ನೊಂದರಲ್ಲಿ ಇಲ್ಲ. ಬಣ್ಣ, ತೂಕ, ಹುಳಿ, ಸುತ್ತಿದ ಕಾಗದ ಎಲ್ಲ ಒಂದೇ. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದಂತೆ ನಿರ್ಧಾರವಾಗಬೇಕು, ಕೊಡುವವರಿಗೂ ತಿನ್ನುವವರಿಗೂ ಗೊತ್ತಿರಬಾರದು. ಒಬ್ಬರೇ ಒಂದು ವಾರ ಇದನ್ನು, ಇನ್ನೊಂದು ವಾರ ಅದನ್ನು ತಿಂದು ಅದೇ ರಸ್ತೆಯಲ್ಲಿ, ಅದೇ ಹೊತ್ತಿನ ಬಸ್ಸಿನಲ್ಲಿ ಹೋದರೆ ಇನ್ನೂ ಒಳ್ಳೆಯದು. ‘ಆರಾಮ ಆಯ್ತಾ’ ಅಂತ ಕೇಳುವುದಲ್ಲ. 10 ಸೆಂಟಿಮೀಟರಿನ ಒಂದು ಗೆರೆ ಎಳೆದು, ಈ ತುದಿ ‘ಏನೂ ಇಲ್ಲ’, ಆ ತುದಿ ‘ಇನ್ನು ತಡೆಯಲಾರೆ’ ಅಂತ ಬರೆದು, ಇಂತಿಷ್ಟು ನಿಮಿಷಕ್ಕೊಮ್ಮೆ ಅವರೇ ಗುರುತು ಹಾಕಬೇಕು. ಎಷ್ಟು ಸಲ ವಾಂತಿಯಾಯಿತು, ಯಾವ ಸೀಟು, ಹೊರಡುವ ಮುಂಚೆ ಏನು ತಿಂದಿದ್ದರು, ಇದನ್ನೆಲ್ಲ ಬರೆದಿಡಬೇಕು. ತಡೆಯಲಾಗದವರಿಗೆ ಕೊಡಲು ಬೇರೆ ಔಷಧ ಕೈಯಲ್ಲಿರಬೇಕು.

ಶುಂಠಿಯಲ್ಲಿ ಇದು ಕೇಳಿದಷ್ಟು ಸುಲಭವಲ್ಲ. ಕ್ಯಾಪ್ಸೂಲಿನಲ್ಲಾದರೆ ಖಾರ ಮುಚ್ಚಿಡಬಹುದು. ಚೀಪುವ ಗುಳಿಗೆಯಲ್ಲಿ ನಾಲಿಗೆಗೆ ತಾಗಿದ ಕ್ಷಣವೇ ಯಾವುದು ಶುಂಠಿ ಅಂತ ಗುಟ್ಟು ರಟ್ಟಾಗುತ್ತದೆ. ಖಾರವಿಲ್ಲದ ಸಾದಾ ಮಿಠಾಯಿಯನ್ನು ಎದುರಿಗಿಟ್ಟರೆ ಹೋಲಿಕೆಯೇ ಅಲ್ಲ. ಮೆಣಸಿನ ಸತ್ವ ಹಾಕಿ ಅಷ್ಟೇ ಖಾರ ಮಾಡಬಹುದು, ಆದರೆ ಖಾರವೇ ವಾಕರಿಕೆ ತಡೆಯುತ್ತಿದ್ದರೆ? ನನ್ನನ್ನು ಕೇಳಿದರೆ, ಈ ಕ್ಷೇತ್ರದಲ್ಲಿ ನಿಜವಾಗಿ ಬಿಡಿಸಬೇಕಾದ ಗಂಟು ಇದು. ಬಿ.ಫಾರ್ಮಾ ಹುಡುಗ ತಲೆ ಕೆಡಿಸಿಕೊಳ್ಳಬೇಕಾದದ್ದೂ ಇಲ್ಲೇ.

ಇನ್ನು ಒಂದು ಮಾತು. ಜನರ ಮೇಲೆ ಔಷಧ ಪರೀಕ್ಷಿಸುವುದು ಸಂಘದ ಮೀಟಿಂಗಿನಲ್ಲಿ ಠರಾವು ಮಾಡಿ ಶುರುಮಾಡುವ ಕೆಲಸವಲ್ಲ. ನೋಂದಾಯಿತ ನೈತಿಕ ಸಮಿತಿ ಒಪ್ಪಬೇಕು, ಭಾಗವಹಿಸುವವರು ಅರ್ಥಮಾಡಿಕೊಂಡು ಸಹಿ ಹಾಕಬೇಕು, ಶುರುವಾಗುವ ಮುಂಚೆಯೇ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಹೆಸರು ಬೀಳಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಫಾರ್ಮಕಾಲಜಿ ವಿಭಾಗದವರನ್ನು ಹುಡುಗ ಹೋಗಿ ಕೇಳಲಿ. ಶಾಲೆಯ ಟ್ರಿಪ್ಪಿಗೆ ಹೋಗುವ ಮಕ್ಕಳಿಗೆ ಕೊಟ್ಟು ನೋಡೋಣ ಅನ್ನುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ.

ಜನರ ಬಾಯಿಗೆ ಹೋಗುವ ಮುಂಚೆ ಪ್ರಯೋಗಾಲಯದ ಪರೀಕ್ಷೆಗಳಿವೆ. 20 ಗುಳಿಗೆ ಒಂದೊಂದಾಗಿ ತೂಗಿ ತೂಕದಲ್ಲಿ ಎಷ್ಟು ಏರುಪೇರಿದೆ ನೋಡುತ್ತಾರೆ. 10 ಗುಳಿಗೆಯನ್ನು ಬಿಡಿಬಿಡಿಯಾಗಿ ಕರಗಿಸಿ ಪ್ರತಿಯೊಂದರಲ್ಲಿ ಔಷಧ ಎಷ್ಟಿದೆ ಅಳೆಯುತ್ತಾರೆ. ಸಾಮಾನ್ಯವಾಗಿ ಲೇಬಲ್ಲಿನ ಪ್ರಮಾಣದ ಶೇ 85ರಿಂದ 115ರೊಳಗೆ ಇರಬೇಕು. ನಾನು ಮೇಲೆ ಹೇಳಿದ ಶೂನ್ಯ ಮತ್ತು ಮೂರು ಗುಳಿಗೆಯ ಕಥೆ ಇಲ್ಲಿ ಸಿಕ್ಕಿಬೀಳುತ್ತದೆ. ನೀರಿನಂಶ, ಗಟ್ಟಿತನ, ಬಾಯಲ್ಲಿ ಕರಗಲು ಹಿಡಿಯುವ ಹೊತ್ತು, ಸೀಸದಂಥ ಭಾರಲೋಹ, ಸೂಕ್ಷ್ಮಾಣು ಇವೂ ಉಂಟು. ಕೊನೆಗೆ ಬಾಳಿಕೆ. ಸುತ್ತಿದ ಗುಳಿಗೆಗಳನ್ನು 40 ಡಿಗ್ರಿ ಶಾಖ, ಶೇ 75 ತೇವ ಇರುವ ಪೆಟ್ಟಿಗೆಯಲ್ಲಿ 6 ತಿಂಗಳು ಇಟ್ಟು ನಡುನಡುವೆ ತೆಗೆದು ಅಳೆಯುತ್ತಾರೆ. ರಾಯಚೂರಿನ ಮೇ ತಿಂಗಳು ಕಂಡವರಿಗೆ 40 ಡಿಗ್ರಿ ದೊಡ್ಡದಲ್ಲ, ಆದರೆ ನಮ್ಮದು ಒಣ ಬಿಸಿಲು. ಬಿಸಿಲಿಗೆ ತೇವವೂ ಸೇರಿದರೆ ಸಕ್ಕರೆಯ ಗುಳಿಗೆಗೆ ಉಳಿಗಾಲವಿಲ್ಲ.

ಶುಂಠಿಯಲ್ಲಿ ಅಳೆಯುವುದು ಜಿಂಜೆರಾಲ್ ಮತ್ತು ಶೋಗಾಲ್ ಎಂಬ ಅಂಶಗಳನ್ನು. ಹಸಿ ಅಲ್ಲದಲ್ಲಿ ಜಿಂಜೆರಾಲ್ ಹೆಚ್ಚು, ಒಣಗಿಸಿದಾಗ ಅಥವಾ ಕಾಯಿಸಿದಾಗ ಅದರಲ್ಲಿ ಒಂದು ಪಾಲು ಶೋಗಾಲ್ ಆಗುತ್ತದೆ, ಖಾರ ಹೆಚ್ಚುತ್ತದೆ. ಬೀದರಿನ ಶುಂಠಿ, ಹಾಸನದ ಶುಂಠಿ, ಎಳೆಯದು, ಬಲಿತದ್ದು ಎಲ್ಲದರಲ್ಲೂ ಪ್ರಮಾಣ ಬೇರೆ. ಸಂತೆಯಲ್ಲಿ ಸಿಕ್ಕಿದ್ದನ್ನು ಜಜ್ಜಿ ಹಾಕುವವರೆಗೂ ಈ ಸಲದ ಪೆಪ್ಪರಮಿಂಟು ಹೋದ ಸಲದಂತೆ ಇರುವುದಿಲ್ಲ. ಅದಕ್ಕೇ ಕಾರ್ಖಾನೆಗಳು ಶುಂಠಿಯ ಓಲಿಯೋರೆಸಿನ್ ಕೊಳ್ಳುತ್ತವೆ. ಸತ್ವವೆಲ್ಲ ಇಳಿಸಿದ, ಪ್ರಮಾಣ ಗೊತ್ತಿರುವ ಗಟ್ಟಿ ದ್ರವ ಅದು. ಕೊಚ್ಚಿ ಕಡೆಯ ಮಸಾಲೆ ಕಂಪನಿಗಳು ಆಹಾರ ದರ್ಜೆಯದನ್ನೇ ಮಾರುತ್ತವೆ.

ಕಾನೂನಿನ ದಾರಿ ಮೂರಿವೆ. ಮೊದಲನೆಯದು ತಿನಿಸಾಗಿಯೇ ಮಾರುವುದು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ, ‘ಶುಂಠಿ-ನಿಂಬೆ ಪೆಪ್ಪರಮಿಂಟು’ ಅಂತ ಹೆಸರಿಟ್ಟು, ಏನೇನು ಹಾಕಿದೆ, ತೂಕ, ತಯಾರಿಸಿದ ದಿನ ಹಾಕಿ ಮಾರಿ. ‘ವಾಂತಿ ನಿಲ್ಲಿಸುತ್ತದೆ’ ಅಂತ ಚೀಟಿಯ ಮೇಲೂ ವಾಟ್ಸಾಪಿನಲ್ಲೂ ಬರೆಯುವಂತಿಲ್ಲ, ತಿನಿಸಿಗೆ ರೋಗ ವಾಸಿ ಮಾಡುವ ಹೇಳಿಕೆ ಹಾಕಲು ಅವಕಾಶವಿಲ್ಲ. ಬರೆಯದಿದ್ದರೂ ಜನ ತಗೊಳ್ಳುತ್ತಾರೆ, ಶುಂಠಿ ಯಾಕೆ ತಿನ್ನುತ್ತಾರೆ ಅಂತ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಎರಡನೆಯದು ಆಯುರ್ವೇದ ಔಷಧವಾಗಿ. ಚೀಪಲು ಕೊಡುವ ಏಲಾದಿ ವಟಿಯಂಥದ್ದು ಶಾಸ್ತ್ರದಲ್ಲೇ ಇದೆ. ಆದರೆ ಫಾರಂ 25-ಡಿ ಪರವಾನಗಿ ಬೇಕು, ಶೆಡ್ಯೂಲ್ ಟಿ ಎಂಬ ನಿಯಮಪಟ್ಟಿ ಹೇಳುವಂಥ ಕಟ್ಟಡ, ತಜ್ಞ ಸಿಬ್ಬಂದಿ, ದಾಖಲೆ ಬೇಕು. ಸಂಘದ ಸಾಲದಲ್ಲಿ ಅದು ಮುಗಿಯುವುದಿಲ್ಲ. ಈಗಾಗಲೇ ಪರವಾನಗಿ ಇರುವ ಘಟಕದಲ್ಲಿ ಮಾಡಿಸಿಕೊಳ್ಳುವುದು ಸಾಧ್ಯವೇ ಅಂತ ವಿಚಾರಿಸಬಹುದು. ಮೂರನೆಯದು ಹುಡುಗನ ದಾರಿ, ಅಲೋಪತಿ ಔಷಧ. ಓಂಡನ್‌ಸೆಟ್ರಾನನ್ನು ಹೊಸ ರೂಪದಲ್ಲಿ ತರುವುದೆಂದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ಕೇಂದ್ರದ ಒಪ್ಪಿಗೆಗೆ ಹೋಗುವ ಕೆಲಸ. ಅದು ಕಂಪನಿಗಳ ಆಟ. ಪರವಾನಗಿ ಇಲ್ಲದೇ ಮಾಡಿ ಮಾರಿದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ 3ರಿಂದ 5 ವರ್ಷ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ. ಗುಳಿಗೆಯನ್ನು ಅಂಗಡಿಯಿಂದ ರಸೀದಿ ಸಮೇತ ತಂದಿದ್ದೇವೆ ಅಂದರೆ ನಡೆಯುವುದಿಲ್ಲ, ಅದನ್ನು ಪುಡಿ ಮಾಡಿ ಬೇರೆ ರೂಪ ಕೊಟ್ಟಿದ್ದೇ ತಯಾರಿಕೆ.

ನನ್ನ ಸಲಹೆ ಮೊದಲನೆಯದು. ಔಷಧ ಅನ್ನಿಸಿಕೊಂಡರಷ್ಟೇ ಬೆಲೆ ಅನ್ನುವ ಭ್ರಮೆ ಬೇಡ.

ತಿನಿಸೇ ಆದರೂ ಯಾರಿಗೆ ಕೊಡಬಾರದು ಅನ್ನುವುದು ಗೊತ್ತಿರಲಿ. ನಾದಿನಿಗೆ ಕೀಮೋದಿಂದ ಬಾಯಿ ಹುಣ್ಣಾಗಿದ್ದರೆ ಈ ಹುಳಿ-ಖಾರ ಬೆಂಕಿಯಾಗುತ್ತದೆ. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿದ್ದರೆ, ಅಥವಾ ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಗುಳಿಗೆ ನಡೆಯುತ್ತಿದ್ದರೆ ಶುಂಠಿಯ ವಿಷಯ ಡಾಕ್ಟರಿಗೆ ಹೇಳಿಯೇ ತಿನ್ನಬೇಕು. ಓಣಿಯ ಹೆಣ್ಣುಮಗಳು ದಿನಕ್ಕೆ ಒಂದೆರಡು ಚೀಪಿದರೆ ತೊಂದರೆಯಿಲ್ಲ, ಎದೆಯುರಿ ಬರಬಹುದು ಅಷ್ಟೇ. ಆದರೆ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ, ತೂಕ ಇಳಿಯುತ್ತಿದ್ದರೆ ಪೆಪ್ಪರಮಿಂಟು ಕೊಡುತ್ತಾ ಕೂರಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಸುರಿಯರಿಗೆ ವಿಟಮಿನ್ ಬಿ6, ಡಾಕ್ಸಿಲಮಿನ್ ಜೊತೆಗಿರುವ ಗುಳಿಗೆ ಬಹುಕಾಲದಿಂದ ಬಳಕೆಯಲ್ಲಿದೆ, ಡಾಕ್ಟರು ಬರೆದುಕೊಡುತ್ತಾರೆ. 4 ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಪೆಪ್ಪರಮಿಂಟು ಕೊಡಲೇಬಾರದು, ಅದರಲ್ಲೂ ಕುಲುಕುವ ಬಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನಮ್ಮ ಭಾಗಕ್ಕೆ ಬೇಕಾದ ಇನ್ನೊಂದು ಎಚ್ಚರಿಕೆ. ಭತ್ತ, ಹತ್ತಿ, ಮೆಣಸಿನಕಾಯಿಗೆ ಎಣ್ಣೆ ಹೊಡೆದು ಬಂದವರಿಗೆ ವಾಕರಿಕೆ, ಜೊಲ್ಲು, ಬೆವರು, ಕಣ್ಣು ಮಂಜು ಬಂದರೆ ಅದು ‘ಪಿತ್ತ’ ಅಲ್ಲ, ಕೀಟನಾಶಕ ಮೈಗೆ ಹತ್ತಿದ್ದು. ಬಟ್ಟೆ ಕಳಚಿ, ಮೈ ತೊಳೆಸಿ, ಡಬ್ಬಿ ಸಮೇತ ಆಸ್ಪತ್ರೆಗೆ ಓಡಬೇಕು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ ಎದೆನೋವಿಲ್ಲದೇ ಬರೀ ವಾಕರಿಕೆ-ಬೆವರಾಗಿ ಹೃದಯಾಘಾತ ಬರಬಹುದು. ವಾಂತಿಯಲ್ಲಿ ಹಳದಿ-ಕಹಿ ಬಂದರೆ ‘ಪಿತ್ತದಿಂದಲೇ ವಾಂತಿ’ ಅನ್ನುತ್ತೇವಲ್ಲ, ಬಹಳ ಸಲ ಅದು ಹೊಟ್ಟೆ ಖಾಲಿಯಾದ ಮೇಲೆ ಕರುಳಿಂದ ಮೇಲೇರುವ ಪಿತ್ತರಸ, ವಾಂತಿಗೆ ಕಾರಣವಲ್ಲ.

ಇನ್ನು ಅಂಟುವ ಸಮಸ್ಯೆ. ಇದರಲ್ಲಿ ನಾನು ನಿಜಕ್ಕೂ ನಿಮಗೆ ಉಪಯೋಗಕ್ಕೆ ಬರಬಲ್ಲೆ.

ಗೌರಿ ಹುಣ್ಣಿಮೆಗೆ ನಮ್ಮ ಕಡೆ ಮಾಡುವ ಸಕ್ಕರೆ ಗೊಂಬೆಯಲ್ಲಿ ಸಕ್ಕರೆ ಹರಳುಗಟ್ಟಲೇಬೇಕು, ಅದಕ್ಕೇ ಅದು ಬೆಳ್ಳಗೆ, ಮುರಿದರೆ ಪುಡಿ. ಲೊಜೆಂಜ್ ಅದರ ತದ್ವಿರುದ್ಧ: ಹರಳುಗಟ್ಟಲೇಬಾರದು, ಗಾಜಿನಂತೆ ಇರಬೇಕು. ಅದಕ್ಕೆ ಪಾಕ 150 ಡಿಗ್ರಿ ಮುಟ್ಟಬೇಕು. ತಣ್ಣೀರಿಗೆ ಒಂದು ಹನಿ ಬಿಟ್ಟು ತೆಗೆದು ಮುರಿದರೆ ಟಕ್ ಅನ್ನಬೇಕು, ಬಾಗಿದರೆ ಇನ್ನೂ ಆಗಿಲ್ಲ. ಆಗ ನೀರಿನಂಶ ಶೇ 1ರ ಆಸುಪಾಸಿಗೆ ಬಂದಿರುತ್ತದೆ. ಅದು ಶೇ 3–4ಕ್ಕೆ ಹೋದರೆ ಬೇಸಿಗೆಯ ಶಾಖಕ್ಕೇ ಮೆತ್ತಗಾಗಿ ಒಂದಕ್ಕೊಂದು ಹಿಡಿಯುತ್ತದೆ. ನಿಮ್ಮದು ಮುದ್ದೆಯಾಗಲು ಕಾರಣ ಮೂರು ಅಂತ ನನ್ನ ಊಹೆ. ಮೊದಲನೆಯದು ಬೆಲ್ಲ. ಬೆಲ್ಲದಲ್ಲಿ ತೇವ ಎಳೆಯುವ ಸಕ್ಕರೆ ಮೊದಲೇ ಇರುತ್ತದೆ, 150ಕ್ಕೆ ಏರಿಸಿದರೆ ಸೀದೂ ಹೋಗುತ್ತದೆ, ಹಾಗಾಗಿ ನೀವು ಬೇಗ ಇಳಿಸುತ್ತಿದ್ದೀರಿ. ‘ಬೆಲ್ಲ ಆರೋಗ್ಯಕ್ಕೆ ಒಳ್ಳೆಯದು’ ಅನ್ನುವ ಗಿರಾಕಿಗಳಿಗೆ ಬೇರೆ ತಿನಿಸು ಮಾಡಿಕೊಡಿ, ಇದರಲ್ಲಿ ಬಿಡಿ. ಎರಡನೆಯದು ನಿಂಬೆರಸ. ಅದನ್ನು ಕುದಿಯುವಾಗಲೇ ಹಾಕಿದರೆ ಹುಳಿಯು ಸಕ್ಕರೆಯನ್ನು ಒಡೆದು ತೇವ ಎಳೆಯುವ ಸಕ್ಕರೆಯಾಗಿಸುತ್ತದೆ, ಇಳಿಸಿದ ಮೇಲೆ ಹಾಕಿದರೆ ರಸದ ನೀರು ಸೇರುತ್ತದೆ. ಎರಡೂ ಕೆಡುಕೇ. ರಸದ ಬದಲು ನಿಂಬೆಹುಳಿಯ ಪುಡಿ, ಅಂದರೆ ಸಿಟ್ರಿಕ್ ಆಸಿಡ್, ಆಹಾರ ದರ್ಜೆಯದು, ಕಿಲೋಗೆ 5–10 ಗ್ರಾಂ, ಪಾಕ ಇಳಿಸಿ 120 ಡಿಗ್ರಿಗೆ ಬಂದಾಗ ಹಾಕಿ ಮಡಚಿ ಮಡಚಿ ಕಲಸಿ. ಶುಂಠಿಯ ಓಲಿಯೋರೆಸಿನ್ನೂ ಆಗಲೇ. ಮುಂಚೆ ಹಾಕಿದರೆ ಘಮವೆಲ್ಲ ಹೊಗೆಯಾಗಿ ಹೋಗುತ್ತದೆ. ಮೂರನೆಯದು, ಬರೀ ಸಕ್ಕರೆಯಲ್ಲಿ ಮಾಡುವುದು. 65 ಪಾಲು ಸಕ್ಕರೆಗೆ 35 ಪಾಲು ಲಿಕ್ವಿಡ್ ಗ್ಲೂಕೋಸ್ ಹಾಕಿ, ಹರಳುಗಟ್ಟುವುದು ನಿಲ್ಲುತ್ತದೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಜೊತೆಗೆ ಒಂದು ಪಾಕದ ಥರ್ಮಾಮೀಟರ್ ತಗೊಳ್ಳಿ, ಕಣ್ಣಂದಾಜು ಗೊಂಬೆಗೆ ಸಾಕು, ಇದಕ್ಕೆ ಸಾಲದು.

ಸುತ್ತುವುದನ್ನು ಮುಂದಿನ ದಿನಕ್ಕೆ ಬಿಡಬೇಡಿ. ಕೈಗೆ ಬಿಸಿ ತಾಗದಷ್ಟು ಆರಿದ ಕೂಡಲೇ, ಮಳೆಗಾಲವಾದರೆ ಬಾಗಿಲು ಹಾಕಿಕೊಂಡು, ಒಂದೊಂದನ್ನೂ ಬೇರೆ ಬೇರೆ ಸುತ್ತಿ. ಸಾದಾ ಬಟರ್ ಪೇಪರಿಗಿಂತ ಒಳಗೆ ಅಲ್ಯೂಮಿನಿಯಂ ಇರುವ ಪೊರೆ ತೇವ ತಡೆಯುತ್ತದೆ. ಪ್ರತಿ ಸಲ ಮಾಡಿದ್ದರಲ್ಲಿ 20 ಪೆಪ್ಪರಮಿಂಟು ಹುಡುಗನಿಗೆ ಕೊಡಿ. ಒಂದೊಂದಾಗಿ ತೂಗಿ, ಯಾವ ಊರಿನ ಶುಂಠಿ, ಎಷ್ಟು ಡಿಗ್ರಿಗೆ ಇಳಿಸಿದ್ದು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಹತ್ತು ಇಟ್ಟುಕೊಂಡು ತಿಂಗಳಿಗೊಮ್ಮೆ ಅಂಟಿದೆಯಾ ನೋಡಲಿ. ಆ ನೋಟ್‌ಬುಕ್ಕು ತಗೊಂಡು ಬೇಸಿಗೆ ಕಳೆದ ಮೇಲೆ ಅವನು ಬಳ್ಳಾರಿಗೆ ಬಂದರೆ ಕೂತು ಮಾತಾಡೋಣ.